ಅರಿಶಿನದ ಕಲೆಗೆ ಸೋಪು

ಚರ್ಮದ ಸೀಟಿನ ಕಲೆ ತೆಗೆಯುವುದರಲ್ಲಿ ನನ್ನನ್ನು ಮೀರಿಸುವವನು ಆಗ ಮಾಗಡಿ ರೋಡಿನಿಂದ ಕೆಂಗೇರಿಯವರೆಗೆ ಒಬ್ಬನೂ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೇ ಹೇಳುತ್ತಿದ್ದಾನೆ ಅಂತ ಬೇಕಾದರೂ ಇಟ್ಟುಕೊಳ್ಳಿ, ನನಗೇನು ಹೋಗಬೇಕು. ಅದೇ ಜಂಬ ಒಂದು ಹುಡುಗಿಯ ಸಂಸಾರವನ್ನು ಮದುವೆಯ ಮಾರನೆಯ ದಿನವೇ ಮುರಿಯಿತು. ಅದನ್ನು ಹೇಳಬೇಕಾದರೆ ಜಂಬದಿಂದಲೇ ಶುರು ಮಾಡಬೇಕು, ಬೇರೆ ದಾರಿಯಿಲ್ಲ.

ಎಂಬತ್ತರ ದಶಕ. ನಮ್ಮ ಕಡೆ ಓಡಾಡುತ್ತಿದ್ದ ಕಾರುಗಳಿಗೆಲ್ಲ ರೆಕ್ಸಿನ್ ಸೀಟು. ರೆಕ್ಸಿನ್ ಒರೆಸುವುದಕ್ಕೆ ಯಾವ ವಿದ್ಯೆಯೂ ಬೇಡ, ಒದ್ದೆ ಬಟ್ಟೆಯೊಂದಿದ್ದರೆ ಸಾಕು. ಚರ್ಮ ಹಾಗಲ್ಲ. ಅದು ಬಿದ್ದದ್ದನ್ನೆಲ್ಲ ಕುಡಿಯುತ್ತದೆ. ತಲೆಗೆ ಮೆತ್ತಿಕೊಂಡ ಹರಳೆಣ್ಣೆ ಒರಗುವ ಕಡೆ ಇಳಿದಿದ್ದರೆ ರಾಗಿಹಿಟ್ಟು ಉದುರಿಸಿ ಒಂದಿಡೀ ದಿನ ಬಿಡಬೇಕು, ಹಿಟ್ಟು ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಎಲೆಅಡಿಕೆಯ ರಸಕ್ಕೆ ಹುಳಿ ಮಜ್ಜಿಗೆ. ಗುಮಾಸ್ತರ ಪೆನ್ನು ಸೋರಿದ್ದರೆ ಹತ್ತಿಯಲ್ಲಿ ಸ್ಪಿರಿಟ್ಟು, ಅದೂ ಮುಟ್ಟಿತೋ ಇಲ್ಲವೋ ಅನ್ನುವಷ್ಟು. ಅರಿಶಿನಕ್ಕೆ ನಿಂಬೆಹಣ್ಣಿನ ರಸ, ಆಮೇಲೆ ಒಳ್ಳೆ ಬಿಸಿಲು. ಶಿವಾಜಿನಗರದಲ್ಲಿ ನನಗೆ ಕೆಲಸ ಕಲಿಸಿದ ಮುದುಕ ಉಸ್ತಾದರು ಬೇರೆ ಮಾತನ್ನು ಒಂದು ಸಲ ಹೇಳಿದರೆ ಈ ಮಾತನ್ನು ನೂರು ಸಲ ಹೇಳಿದ್ದರು: "ಹಳ್ದಿಗೆ ಸೋಪು ಮುಟ್ಟಿಸ್ಬೇಡ ಬೇಟಾ. ಲಾಲ್ ಆಗ್ತದೆ. ಆಮೇಲೆ ನಿನ್ ಮುಖಾನೂ ಲಾಲ್ ಆಗ್ತದೆ."

ಗಿರಾಕಿಗಳಿಗೆ ಇದ್ಯಾವುದನ್ನೂ ನಾನು ಹೇಳುತ್ತಿರಲಿಲ್ಲ. ಕಲೆ ಹೋದ ಸೀಟನ್ನು ನೋಡಿ ಅವರು ಬಾಯಿ ಬಿಟ್ಟುಕೊಂಡು, "ಅದೇನ್ ಹಾಕಿದ್ರಿ ಮೇಸ್ತ್ರಿ?" ಅಂದರೆ, "ಅದು ಕಸುಬಿನ ಗುಟ್ಟು ಸಾರ್, ಹೇಳೋಕಾಗಲ್ಲ" ಅನ್ನುತ್ತಿದ್ದೆ. ರಾಗಿಹಿಟ್ಟು ಅಂತ ಗೊತ್ತಾದರೆ ನನ್ನ ಹತ್ತಿರ ಯಾಕೆ ಬರುತ್ತಾರೆ? ಒಂದು ಬಣ್ಣದ ಬಾಟಲಿಯನ್ನೂ ಇಟ್ಟುಕೊಂಡಿದ್ದೆ. ಫಾರಿನ್ನಿನಿಂದ ಬಂದ ಔಷಧಿಯೆಂದು ಸುಳ್ಳು ಹೇಳುತ್ತಿದ್ದೆ. ಒಳಗಿದ್ದದ್ದು ತುರಿದ ಬಟ್ಟೆಸೋಪು, ವಾಷಿಂಗ್ ಸೋಡಾ, ಒಂದಿಷ್ಟು ಗ್ಲಿಸರಿನ್. ಬರೀ ಕೊಳೆ ಹತ್ತಿದ ಸೀಟಿಗೆ ಅದೇ ಸಾಕಾಗುತ್ತಿತ್ತು.

ನನ್ನ ಶೆಡ್ಡು ಇದ್ದದ್ದು ಗೋವಿಂದರಾಜನಗರದಲ್ಲಿ, ಒಬ್ಬ ಯಜಮಾನರ ಮನೆಯ ಕಾಂಪೌಂಡಿನೊಳಗೆ. ಅವರದು ಆ ಕಡೆಯ ಹಳೇ ಒಕ್ಕಲು ಮನೆತನ. ಹೊಲವೆಲ್ಲ ಸೈಟಾಗಿ, ಅವರ ಕೈಗೆ ಉಂಗುರ ಬಂದಿತ್ತು, ಬಾಗಿಲಿಗೆ ಕಾರು ಬಂದಿತ್ತು. ಯಾವುದೋ ಎಸ್ಟೇಟಿನ ದೊರೆ ಬಿಟ್ಟುಹೋದ ಹಳೇ ಫಾರಿನ್ ಕಾರು. ಒಳಗಡೆ ಅಪ್ಪಟ ಚರ್ಮದ ಸೀಟು, ಕೆನೆಬಣ್ಣ. ಅಂಥ ಸೀಟನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಶೆಡ್ಡಿಗೆ ಯಜಮಾನರು ಬಾಡಿಗೆ ಕೇಳುತ್ತಿರಲಿಲ್ಲ, ಬದಲಿಗೆ ಆ ಸೀಟು ನನ್ನ ಜವಾಬ್ದಾರಿ. "ಒಂದ್ ಮಚ್ಚೆ ಬಿದ್ರೂ ಶೆಡ್ ಖಾಲಿ ಮಾಡ್ಸ್ತೀನಿ ನೋಡು" ಅಂತ ಅವರು ನಗುತ್ತಾ ಹೇಳುತ್ತಿದ್ದರು. ನಗುತ್ತಾ ಹೇಳಿದ್ದನ್ನು ನಗುತ್ತಲೇ ಮಾಡುವ ಜಾತಿಯ ಮನುಷ್ಯ ಅವರು, ನನಗೆ ಚೆನ್ನಾಗಿ ಗೊತ್ತಿತ್ತು.

ಅವರಿಗೆ ಒಬ್ಬನೇ ಮಗ. ಅವನಿಗೆ ತನ್ನ ತಮ್ಮನ ಮಗಳನ್ನು ತರಬೇಕೆಂದು ಯಜಮಾನರ ಹೆಂಡತಿ, ನಾವೆಲ್ಲ ಅಮ್ಮಾವ್ರು ಅನ್ನುತ್ತಿದ್ದ ಹೆಂಗಸು, ಆ ಹುಡುಗಿ ತೊಟ್ಟಿಲಲ್ಲಿದ್ದಾಗಲೇ ತೀರ್ಮಾನ ಮಾಡಿಕೊಂಡಿದ್ದರು. ಮಗರಾಯ ಯಾರದೋ ಮದುವೆಯಲ್ಲಿ ದೀಪಾಂಜಲಿ ನಗರದ ಒಬ್ಬ ಫ್ಯಾಕ್ಟರಿ ನೌಕರನ ಮಗಳನ್ನು ನೋಡಿ ಬಂದು ಹಟ ಹಿಡಿದ. ಎರಡು ದಿನ ಊಟ ಬಿಟ್ಟ. ಯಜಮಾನರು ಹೂಂ ಅಂದುಬಿಟ್ಟರು. ಅಮ್ಮಾವ್ರು ಒಂದು ಮಾತೂ ಆಡಲಿಲ್ಲ. ಲಗ್ನಪತ್ರಿಕೆಯ ದಿನ ಎಲ್ಲರಿಗೂ ತಾವೇ ಪಾಯಸ ಬಡಿಸಿದರು. ನನಗೂ ಬಡಿಸಿದರು.

ಮದುವೆ ವಿಜಯನಗರದ ಒಂದು ಛತ್ರದಲ್ಲಿ, ಬೇಸಿಗೆಯಲ್ಲಿ. ಮದುವೆಗೆ ಕಾರು ಹೋದಾಗಲೆಲ್ಲ ಹಿಂದಿನ ಸೀಟಿಗೆ ಒಂದು ದಪ್ಪ ಬೆಡ್‌ಶೀಟು ಹಾಸಿ ಕಳಿಸುವುದು ನನ್ನ ರೂಢಿ. ಆವತ್ತೂ ಹಾಸಿದ್ದೆ. ಛತ್ರದ ಬಾಗಿಲಲ್ಲಿ ವಿಡಿಯೋದವನು ಲೈಟು ಹಿಡಿದು ಕಾರಿನ ಸುತ್ತ ಸುತ್ತುತ್ತಿದ್ದ. ಆ ಬೆಳಕಿನಲ್ಲಿ ಹಳೇ ಬೆಡ್‌ಶೀಟಿನ ಹೂವು ದರಿದ್ರವಾಗಿ ಕಂಡಿತು. ನಾನು ಮೂರು ದಿನ ತಿಕ್ಕಿ ಹೊಳೆಸಿದ ಸೀಟು ವಿಡಿಯೋದಲ್ಲಿ ಬರಲಿ ಎಂದು ನಾನೇ ಹೋಗಿ ಬೆಡ್‌ಶೀಟು ಎಳೆದು ಡಿಕ್ಕಿಯಲ್ಲಿ ತುರುಕಿದೆ. ಯಾರೂ ಹೇಳಿರಲಿಲ್ಲ. ಇದನ್ನೂ ನಿಮಗೆ ಹೇಳಿಬಿಡಬೇಕು ಅಂತ ಹೇಳಿದೆ.

ಅವರ ಕಡೆ ಹೆಣ್ಣಿಗೆ ಧಾರೆಯ ಹೊತ್ತಿಗೆ ಉಡಿಸುವುದು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಬಿಳಿ ಸೀರೆ. ಧಾರೆಯೆಂದರೆ ಗೊತ್ತಲ್ಲ, ಬಂಧುಬಳಗವೆಲ್ಲ ಸಾಲಾಗಿ ಬಂದು ಗಂಡುಹೆಣ್ಣಿನ ಕೈಮೇಲೆ ಹಾಲು ನೀರು ಎರೆಯುತ್ತಾರೆ. ಇನ್ನೂರು ಜನ ಎರೆದರು. ಹುಡುಗಿಯ ಸೀರೆಯೆಲ್ಲ ತೊಯ್ದು ತೊಪ್ಪೆಯಾಗಿತ್ತು. ರಾಹುಕಾಲಕ್ಕೆ ಮೊದಲು ಮನೆ ತುಂಬಿಸಿಕೊಳ್ಳಬೇಕೆಂದು ಅದೇ ಸೀರೆಯಲ್ಲಿ ಅವಳನ್ನು ಕಾರಿಗೆ ಹತ್ತಿಸಿದರು. ನಾನು ಮುಂದಿನ ಸೀಟಿನಲ್ಲಿದ್ದೆ. ಹಿಂದೆ ಎಡಗಡೆಗೆ ಅವಳು, ಬಲಗಡೆಗೆ ಅವನು. ಅವಳು ಸೀಟನ್ನು ಮುಟ್ಟಿ ನೋಡಿ, "ಎಷ್ಟು ಮೆತ್ತಗಿದೆ ಅಲ್ವಾ" ಅಂತ ಅವನ ಹತ್ತಿರ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ನನ್ನನ್ನೇ ಹೊಗಳಿದಷ್ಟು ಖುಷಿಯಾಯಿತು.

ಮನೆ ಬಾಗಿಲಲ್ಲಿ ಅಮ್ಮಾವ್ರು ತಟ್ಟೆ ಹಿಡಿದು ನಿಂತಿದ್ದರು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಬೆರಳಲ್ಲಿ ಕದಡಿದರು. ನೀರು ಕೆಂಪಗಾಯಿತು. ಆ ಕೆಂಪು ನೀರಿನಲ್ಲಿ ಇಬ್ಬರಿಗೂ ಆರತಿ ಎತ್ತಿ ಬಾಗಿಲ ಮುಂದೆ ಚೆಲ್ಲಿದರು. ಹುಡುಗಿ ಅಕ್ಕಿಯ ಸೇರನ್ನು ಬಲಗಾಲಲ್ಲಿ ಒದ್ದು ಒಳಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ಮಲ್ಲತ್ತಹಳ್ಳಿ ಕೆರೆಯ ಹತ್ತಿರದ ಮನೆದೇವರ ಗುಡಿಗೆ ಗಂಡುಹೆಣ್ಣನ್ನು ಕರೆದುಕೊಂಡು ಹೋಗುವುದಿತ್ತು. ಒಂಬತ್ತಕ್ಕೆ ಕಾರು ರೆಡಿ ಇರಬೇಕು ಅಂತ ಯಜಮಾನರು ಹೇಳಿದ್ದರು. ನಾನು ಎದ್ದದ್ದೇ ಎಂಟೂವರೆಗೆ. ಮದುವೆ ಊಟದ ಭಾರಕ್ಕೆ ಕಣ್ಣು ಬಿಡಲಾಗುತ್ತಿರಲಿಲ್ಲ. ಕಾರು ಶೆಡ್ಡಿನೊಳಗಿತ್ತು, ಕರೆಂಟು ಹೋಗಿತ್ತು. ತಗಡಿನ ಸಂದಿಯಿಂದ ಬರುವ ಬೆಳಕಿನಲ್ಲಿ ನೋಡಿದರೆ ಹಿಂದಿನ ಸೀಟಿನ ಎಡಗಡೆ ಏನೋ ಮಾಸಲು. ಕೆನೆಬಣ್ಣದ ಮೇಲೆ ಹಳದಿ ಆ ಮಬ್ಬಿನಲ್ಲಿ ಎಲ್ಲಿ ಕಾಣಬೇಕು? ಜನರ ಬೆವರು, ಧೂಳು ಅಂದುಕೊಂಡೆ. ಕಾರನ್ನು ಬಾಗಿಲ ಬೆಳಕಿಗೆ ತಳ್ಳಿ ನೋಡಬಹುದಿತ್ತು. ಬೆರಳಿಂದ ಉಜ್ಜಿ ಮೂಸಿ ನೋಡಬಹುದಿತ್ತು, ಉಸ್ತಾದರು ಹಾಗೇ ಮಾಡುತ್ತಿದ್ದರು. ನನಗೆ ಪುರುಸೊತ್ತಿರಲಿಲ್ಲ. ಬಾಟಲಿ ಬಗ್ಗಿಸಿ, ಬಟ್ಟೆ ಅದ್ದಿ, ಸೀಟಿನ ಉದ್ದಕ್ಕೂ ಒರೆಸಿದೆ. ಎಡಗಡೆ ಇನ್ನೊಂದು ಸಲ ಒತ್ತಿ ಒರೆಸಿದೆ.

ಡ್ರೈವರ್ ಇನ್ನೂ ಬಂದಿರಲಿಲ್ಲ. ನಾನೇ ತಳ್ಳಿಕೊಂಡು ಕಾರನ್ನು ಅಂಗಳದ ಬಿಸಿಲಿಗೆ ತಂದೆ. ಒಣಗಿತೇನೋ ನೋಡೋಣ ಅಂತ ಹಿಂದಿನ ಬಾಗಿಲು ತೆಗೆದೆ.

ಎಡಗಡೆಯ ಸೀಟಿನ ಮೇಲೆ, ಆ ಹುಡುಗಿ ಕೂತಿದ್ದ ಜಾಗದಲ್ಲಿ, ಅಂಗೈಯಗಲ ಕೆಂಪು. ಅಂಚಿನಲ್ಲಿ ಒಣಗಿ ಕಂದು ತಿರುಗುತ್ತಿತ್ತು. ನೋಡಿದವರು ಏನು ಅಂದುಕೊಳ್ಳುತ್ತಾರೋ ಅದೇ ಥರ ಇತ್ತು. ಥೂ ನಿನ್ನ, ಅರಿಶಿನಕ್ಕೆ ಸೋಪು ಹಚ್ಚಿದೆಯಲ್ಲೋ ಎಂದು ನನ್ನನ್ನೇ ಬೈದುಕೊಂಡೆ. ನಿಂಬೆಹಣ್ಣು ಶೆಡ್ಡಿನಲ್ಲಿರಲಿಲ್ಲ. ಒಳಗೆ ಹೋಗಿ ಒಂದು ಕೇಳಿ ತಂದರೆ ಎರಡು ನಿಮಿಷದ ಕೆಲಸ. ತಿರುಗಿದರೆ ಅಮ್ಮಾವ್ರು ಪೂಜೆಯ ಬುಟ್ಟಿ ಹಿಡಿದುಕೊಂಡು ಹಿಂದೆಯೇ ನಿಂತಿದ್ದಾರೆ.

ಅವರು ಸೀಟು ನೋಡಿದರು. ಅವಸರವಿಲ್ಲದೆ, ಸೀರೆ ಅಂಗಡಿಯಲ್ಲಿ ಅಂಚು ನೋಡುವ ಹಾಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಏನಪ್ಪಾ ಇದು?"

ಆಗ ಹೇಳಬಹುದಿತ್ತು. ಹೇಳಿದ್ದರೆ ಏನಾಗುತ್ತಿತ್ತು? ಯಜಮಾನರು ಬೈಯುತ್ತಿದ್ದರು. ಹೆಚ್ಚೆಂದರೆ ಶೆಡ್ಡು ಹೋಗುತ್ತಿತ್ತು. ಲೆದರ್ ಸೀಟಿನ ಡಾಕ್ಟರು ಅಂತ ತಿರುಗುತ್ತಿದ್ದವನು ಮನೆಯ ಕೂಸಿಗೂ ಗೊತ್ತಿರುವ ತಪ್ಪು ಮಾಡಿದನಂತೆ ಎಂದು ಬಸವೇಶ್ವರನಗರದವರೆಗೂ ಜನ ನಗುತ್ತಿದ್ದರು. ಶೆಡ್ಡಿಗಿಂತ ಆ ನಗು ನನಗೆ ದೊಡ್ಡದಾಗಿ ಕಂಡಿತು.

"ಗೊತ್ತಿಲ್ಲ ಅಮ್ಮಾವ್ರೇ. ಬೆಳಿಗ್ಗೆ ಬಾಗ್ಲು ತೆಗ್ದಾಗ್ಲೇ ಹಿಂಗಿತ್ತು."

ಅವರ ಮುಖ ಅರಳಿದ್ದನ್ನು ನಾನು ನೋಡಿದೆ. ದೇವರಾಣೆಗೂ ನೋಡಿದೆ. ಒಂದು ಕ್ಷಣ ಅಷ್ಟೇ. ಆಮೇಲೆ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ತಲೆ ಮೇಲೆ ಕೈಹೊತ್ತು, ಇಡೀ ಬೀದಿಗೆ ಕೇಳಿಸುವ ಹಾಗೆ ಕೂಗಿಕೊಂಡರು. "ಅಯ್ಯೋ ಮನೆ ಹಾಳಾಯ್ತಲ್ಲಪ್ಪೋ! ಮುಟ್ಟಾಗಿ ಧಾರೆಗೆ ನಿಂತಿದಾಳಲ್ಲಪ್ಪೋ! ಮುಟ್ಟು ಮುಚ್ಚಿಟ್ಕೊಂಡು ನಮ್ ದೇವ್ರ ಮುಂದೆ ದೀಪ ಹಚ್ಚಿದಾಳಲ್ಲಪ್ಪೋ!"

ಮದುವೆ ಮನೆ, ಜನಕ್ಕೇನು ಬರ. ಒಳಗಿದ್ದವರೆಲ್ಲ ಅಂಗಳಕ್ಕೆ ಬಂದರು. ಒಬ್ಬೊಬ್ಬರಾಗಿ ಕಾರಿನೊಳಗೆ ತಲೆ ಹಾಕಿ ನೋಡಿ, ಮೂಗಿಗೆ ಸೆರಗು ಹಿಡಿದುಕೊಂಡು ಹಿಂದೆ ಸರಿದರು. ವಾಸನೆ ಯಾವುದೂ ಇರಲಿಲ್ಲ, ಇದ್ದರೆ ಸೋಪಿನದು. ಯಜಮಾನರು ಒಬ್ಬರೇ, "ಆರತಿ ನೀರು ಚೆಲ್ಲಿರ್ಬೇಕು ಬಿಡೇ" ಅಂದರು. "ಆರತಿ ಎತ್ತಿದ್ದು ಬಾಗ್ಲಲ್ಲಿ, ಕಾರೊಳಗಲ್ಲ. ಎತ್ತಿದೋಳು ನಾನು" ಎಂದು ಅಮ್ಮಾವ್ರು ಅವರ ಬಾಯಿ ಮುಚ್ಚಿಸಿದರು.

ಹುಡುಗಿ ಹೊಸ ಸೀರೆಯುಟ್ಟು, ತಲೆತುಂಬ ಹೂ ಮುಡಿದು, ಗುಡಿಗೆ ಹೊರಟವಳು ಹಾಗೇ ಬಾಗಿಲಲ್ಲಿ ನಿಂತಿದ್ದಳು. ಇಬ್ಬರು ವಯಸ್ಸಾದ ಹೆಂಗಸರು ಅವಳ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕದ ಹಾಕಿಕೊಂಡರು. ಏನು ನೋಡುವುದಕ್ಕೆ ಅಂತ ಅಂಗಳದಲ್ಲಿದ್ದ ಗಂಡಸರಿಗೆಲ್ಲ ಗೊತ್ತಿತ್ತು. ಯಾರೂ ಆ ಕಡೆ ನೋಡಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ಐದು ನಿಮಿಷಕ್ಕೆ ಕದ ತೆಗೆಯಿತು. "ಏನೂ ಇಲ್ಲ ಕಣಕ್ಕಾ" ಅಂತ ಒಬ್ಬಾಕೆ ಮೆತ್ತಗೆ ಹೇಳಿದಳು.

"ಈಗಿಲ್ಲ ಅಂದ್ರೆ ನಿನ್ನೆ ಇರ್ಲಿಲ್ಲ ಅಂತಾನಾ?" ಅಂದರು ಅಮ್ಮಾವ್ರು.

ಹುಡುಗಿ ಹೊರಗೆ ಬಂದಳು. ಹೂವು ಅರ್ಧ ಜಾರಿತ್ತು. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. ನೇರ ಕಾರಿನ ಹತ್ತಿರ ಬಂದು ಸೀಟು ನೋಡಿದಳು. ನೋಡಿದ ತಕ್ಷಣ ಅವಳಿಗೆ ತಿಳಿಯಿತು, ಅದೂ ನನಗೆ ಕಾಣಿಸಿತು.

"ಅತ್ತೆ, ಇದು ಅರಿಶಿನ. ನನ್ ಧಾರೆ ಸೀರೇದು. ನಿನ್ನೆ ನೀವೇ ಸುಣ್ಣ ಹಾಕಿ ಆರತಿ ನೀರು ಕೆಂಪಗೆ ಮಾಡಿದ್ರಲ್ಲ, ಅದೇ ಥರ ಆಗಿದೆ. ಆ ಸೀರೆ ತರ್ಸಿ, ನೋಡಿ."

"ಆ ಸೀರೆ ಬೆಳಗಾಗೆದ್ದೇ ಅಗಸರ ಮನೆಗೆ ಹೋಯ್ತು. ಸುಣ್ಣ ಅಂತೆ! ಕಾರಿನ್ ಸೀಟಿಗೆ ಯಾರೇ ಸುಣ್ಣ ಹಚ್ತಾರೆ?"

"ಸೋಪು ಬಿದ್ರೂ ಹಂಗೇ ಆಗತ್ತೆ ಅತ್ತೆ." ಅವಳು ನನ್ನ ಕಡೆ ತಿರುಗಿದಳು. "ಅಣ್ಣಾ, ನೀವು ಸೋಪು ಹಾಕಿ ಒರೆಸಿದ್ರಾ?"

ಎಲ್ಲರೂ ನನ್ನ ಕಡೆ ನೋಡಿದರು. ಒದ್ದೆ ಬಟ್ಟೆ ಇನ್ನೂ ನನ್ನ ಹೆಗಲ ಮೇಲಿತ್ತು. ಹೌದಮ್ಮಾ ಅಂದಿದ್ದರೆ ಮುಗಿದುಹೋಗುತ್ತಿತ್ತು. ನನಗೆ ಏನು ಬಂತೋ, ನಕ್ಕೆ. ಗಿರಾಕಿಗಳ ಮುಂದೆ ನಗುತ್ತಿದ್ದೆನಲ್ಲ, ಅದೇ ನಗು.

"ಲೆದರ್‌ಗೆ ಯಾರಾದ್ರೂ ಸೋಪು ಹಾಕ್ತಾರೇನಮ್ಮಾ? ಇದೇನ್ ಬಚ್ಚಲ ಕಲ್ಲಾ?"

ಒಂದಿಬ್ಬರು ಕಿಸಕ್ಕೆಂದರು. ಹುಡುಗಿ ಕಟ್ಟೆಯ ಮೇಲಿದ್ದ ಪೂಜೆಯ ಬುಟ್ಟಿಗೆ ಕೈ ಹಾಕಿ ಒಂದು ನಿಂಬೆಹಣ್ಣು ತೆಗೆದಳು. "ಮಾವ, ಒಂದೇ ಒಂದ್ ತೊಟ್ಟು ಇದ್ರ ಮೇಲೆ ಹಿಂಡ್ಸಿ. ಅರಿಶಿನ ಆಗಿದ್ರೆ ತಿರುಗಾ ಹಳದಿ ಆಗತ್ತೆ. ಆಗ್ಲಿಲ್ಲ ಅಂದ್ರೆ ನಾನೇ ಹೊರಟ್ಹೋಗ್ತೀನಿ, ಯಾರೂ ಕಳಿಸ್ಬೇಕಾಗಿಲ್ಲ."

"ಮುಟ್ಟಿದ್ಲು! ದೇವ್ರ ನಿಂಬೆಹಣ್ಣೂ ಮುಟ್ಟಿದ್ಲು!" ಎಂದು ಅಮ್ಮಾವ್ರು ಬುಟ್ಟಿಯನ್ನು ಕಿತ್ತುಕೊಂಡರು. ಯಜಮಾನರು ಕೈಯೆತ್ತಿ ಹೆಂಡತಿಯನ್ನು ಸುಮ್ಮನಾಗಿಸಿದರು. ಅವರಿಗೆ ಹುಡುಗಿಯ ಮಾತು ಹಿಡಿಸಿತ್ತು. ಹಿಂಡಿ ನೋಡಲು ಅವರೇನೋ ತಯಾರಿದ್ದರು. ಆದರೆ ಸೀಟು ಅವರದು.

"ಏನಯ್ಯಾ, ಹಾಕ್ಬೋದಾ ನಿಂಬೆಹಣ್ಣು? ನೀನ್ ತಿಳಿದೋನು, ಹೇಳು."

ಹತ್ತು ವರ್ಷದಿಂದ ನಾನು ಕಾಯುತ್ತಿದ್ದ ಮಾತು ಅದು. ನಾಲ್ಕು ಜನರ ಮುಂದೆ ಯಜಮಾನರು ನನ್ನನ್ನು ತಿಳಿದವನು ಅಂದಿದ್ದರು. ಒಂದು ತೊಟ್ಟು ಬಿದ್ದರೆ ಸಾಕು, ಕೆಂಪು ಹೋಗಿ ಹಳದಿಯಾಗುತ್ತದೆ. ಹಳದಿಯಾದರೆ ಸೋಪು ಹಚ್ಚಿದ್ದು ಯಾರು ಅಂತ ಕೇಳುತ್ತಾರೆ. ಎರಡು ಸುಳ್ಳು ಆಗಲೇ ಹೇಳಿಯಾಗಿತ್ತು.

"ಬೇಡಿ ಯಜಮಾನ್ರೇ," ಅಂದೆ. "ಹುಳಿ ಬಿದ್ರೆ ಚರ್ಮ ಸುಟ್ಟು ಕರಕಲಾಗ್ಹೋಗತ್ತೆ. ಈ ಸೀಟು ಈಗ ಎಲ್ಲಿ ಹುಡುಕಿದ್ರೂ ಸಿಗಲ್ಲ."

ಯಜಮಾನರು ಸೀಟು ನೋಡಿದರು, ಸೊಸೆಯನ್ನು ನೋಡಿದರು. ಎರಡರಲ್ಲಿ ಯಾವುದು ಸುಡಬಾರದು ಅಂತ ತೀರ್ಮಾನ ಮಾಡುವುದಕ್ಕೆ ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. "ಹಂಗಾದ್ರೆ ಬೇಡ" ಅಂದರು.

"ಕೇಳಿಸ್ತೇನೇ?" ಅಂದರು ಅಮ್ಮಾವ್ರು ಹುಡುಗಿಗೆ. "ಕಸುಬಿನವನೇ ಹೇಳ್ತಿದಾನೆ."

ಹುಡುಗಿ ಕೊನೆಗೆ ಗಂಡನ ಕಡೆ ನೋಡಿದಳು. ಅವನು ಕಾರಿನ ಇನ್ನೊಂದು ಪಕ್ಕದಲ್ಲಿದ್ದ. ಕೈಗೆ ಕಟ್ಟಿದ ಕಂಕಣವನ್ನು ಬೆರಳಲ್ಲಿ ತಿರುಗಿಸುತ್ತಾ ಟೈರು ನೋಡುತ್ತಿದ್ದ. ಅವಳಿಗೋಸ್ಕರ ಎರಡು ದಿನ ಊಟ ಬಿಟ್ಟ ಗಂಡಸು! "ಅಮ್ಮ ಹೇಳ್ದಂಗೆ ಕೇಳು, ಸ್ವಲ್ಪ ದಿನ ಅಷ್ಟೇ" ಅಂದ. ಅವಳ ಕೈಯಿಂದ ನಿಂಬೆಹಣ್ಣು ಕೆಳಗೆ ಬಿದ್ದು ನನ್ನ ಶೆಡ್ಡಿನ ಬಾಗಿಲವರೆಗೆ ಉರುಳಿತು.

ಶಾಂತಿ ಮಾಡಿಸುವವರೆಗೂ ತವರಲ್ಲಿರಲಿ ಅಂತ ತೀರ್ಮಾನವಾಯಿತು. ಯಾರೋ ಸ್ಕೂಟರಿನಲ್ಲಿ ದೀಪಾಂಜಲಿ ನಗರಕ್ಕೆ ಹೋಗಿ ಅವಳ ಅಪ್ಪನನ್ನು ಕರೆತಂದರು. ಆ ಮನುಷ್ಯ ಮದುವೆಯ ಪಂಚೆಯಲ್ಲೇ ಬಂದಿದ್ದ. ಮಗಳಿಗೆ ಹುಷಾರಿಲ್ಲವೆಂದು ಮಾತ್ರ ಅವನಿಗೆ ಹೇಳಿದ್ದರಂತೆ, ಕೈಯಲ್ಲಿ ಎಳನೀರು ಹಿಡಿದುಕೊಂಡಿದ್ದ. ಅವನಿಗೆ ಕಾರಿನ ಸೀಟು ತೋರಿಸಿದರು. ಅಪ್ಪನಿಗೆ, ಮಗಳು ಕೂತಿದ್ದ ಜಾಗ. ಅವನು ತಲೆ ಹಾಕಿ ನೋಡಲೂ ಇಲ್ಲ. ಎಲ್ಲರಿಗೂ ಕೈ ಮುಗಿದು, ಮಗಳ ಟ್ರಂಕು ತಾನೇ ಹೊತ್ತು, ಆಟೋ ತಂದು ನಿಲ್ಲಿಸಿದ.

ಆಟೋ ಹತ್ತುವುದಕ್ಕೆ ಮುಂಚೆ ಹುಡುಗಿ ನನ್ನ ಪಕ್ಕದಲ್ಲೇ ಹಾದುಹೋಗಬೇಕಿತ್ತು. ಒಂದು ಗಳಿಗೆ ನಿಂತಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ನಾನೂ ಎರಡು ಮಾತು ಬೈದು ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆನೇನೋ.

"ನಿಮ್ ಕೈ ಸೋಪಿನ ವಾಸ್ನೆ ಬರ್ತಿದೆ ಅಣ್ಣಾ" ಅಂದಳು. ನನಗೊಬ್ಬನಿಗೇ ಕೇಳಿಸುವಷ್ಟು ಮೆತ್ತಗೆ. ಆಟೋ ಹತ್ತಿ ಹೋದಳು.

ಕಾರನ್ನು ಶೆಡ್ಡಿಗೆ ತಳ್ಳಿ ಬಾಗಿಲು ಹಾಕಿಕೊಂಡೆ. ನೆಲದ ಮೇಲೆ ಅದೇ ನಿಂಬೆಹಣ್ಣು ಬಿದ್ದಿತ್ತು, ಎತ್ತಿಕೊಂಡು ಕೊಯ್ದೆ. ಬಟ್ಟೆಗೆ ಹಿಂಡಿ ಕಲೆಯ ಮೇಲೆ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಪು ಕರಗಿ ಹಳದಿಯಾಯಿತು. ಅವಳು ಹೇಳಿದ ಹಾಗೇ. ಚರ್ಮ ಸುಡಲಿಲ್ಲ, ಕರಕಲಾಗಲಿಲ್ಲ. ಅರ್ಧ ಹಣ್ಣು ಸಾಕಾಯಿತು. ಒದ್ದೆ ಬಟ್ಟೆಯಲ್ಲಿ ಹುಳಿ ತೆಗೆದು, ಹಿತ್ತಲಿನ ಕಡೆಯ ಬಾಗಿಲಿಂದ ಕಾರಿನ ಹಿಂಭಾಗವನ್ನು ಬಿಸಿಲಿಗೆ ತಳ್ಳಿದೆ. ಸಂಜೆ ನಾಲ್ಕಕ್ಕೆ ನೋಡಿದರೆ ಹಳದಿ ತುಂಬಾ ಮಾಸಿತ್ತು, ಮರುದಿನದ ಬಿಸಿಲಿಗೆ ಪೂರ್ತಿ ಹೋಯಿತು. ಕೊಬ್ಬರಿ ಎಣ್ಣೆಯನ್ನು ಬೆರಳಲ್ಲಿ ತೀಡಿದೆ. ಕೆನೆಬಣ್ಣ ಮೊದಲಿಗಿಂತ ಚೆನ್ನಾಗಿ ಕಂಡಿತು. ನನ್ನ ಜೀವಮಾನದಲ್ಲಿ ಅಷ್ಟು ಶುದ್ಧವಾಗಿ ತೆಗೆದ ಕಲೆ ಇನ್ನೊಂದಿಲ್ಲ.

ಅಮ್ಮಾವ್ರು ನೋಡಲು ಬಂದರು. ಸೀಟಿನ ಮೇಲೆ ಕೈಯಾಡಿಸಿದರು. ಬೆರಳನ್ನು ಮೂಗಿನ ಹತ್ತಿರ ತಂದರು. ಕೊಬ್ಬರಿ ಎಣ್ಣೆಯ ಅಡಿಯಲ್ಲಿ ಆ ವಾಸನೆ ಇನ್ನೂ ಇತ್ತು ಅಂತ ಕಾಣುತ್ತದೆ.

"ನಿಂಬೆಹಣ್ಣಾ?"

ನಾನು ನೆಲ ನೋಡಿದೆ.

"ಬುದ್ಧಿವಂತೆ ಇದ್ಲು ಕಣಪ್ಪಾ ಹುಡ್ಗಿ" ಅಂದರು ಅಮ್ಮಾವ್ರು, ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ. "ನಮ್ ಮನೆಗೆ ಅಷ್ಟೊಂದ್ ಬುದ್ಧಿ ಆಗ್ಬರಲ್ಲ." ಆಮೇಲೆ ಒಳಗೆ ಹೋಗಿ ನನಗೆ ಒಂದು ಲೋಟ ಕಾಫಿ ಕಳಿಸಿದರು. ನಾನು ಅದನ್ನು ಕುಡಿದೆ.

ಆ ಹೆಂಗಸಿಗೆ ಮೊದಲ ನೋಟಕ್ಕೇ ತಿಳಿದಿತ್ತು. ಯಾಕೆ ತಿಳಿದಿರಬಾರದು? ಮೂವತ್ತು ವರ್ಷ ಗಂಡನ ಬಿಳಿ ಪಂಚೆಗೆ ಬಿದ್ದ ಸಾರಿನ ಕಲೆಗೆ ಸೋಪು ಹಚ್ಚಿ ಕೆಂಪಾಗುವುದನ್ನು ನೋಡಿದವರು. ಆವತ್ತು ಅಂಗಳದಲ್ಲಿ ಮೂಗಿಗೆ ಸೆರಗು ಹಿಡಿದ ಒಬ್ಬೊಬ್ಬಳಿಗೂ ಅದು ಗೊತ್ತಿತ್ತು. ಬಟ್ಟೆ ಒಗೆಯದ ಹೆಂಗಸು ಆಗ ನಮ್ಮ ಬೀದಿಯಲ್ಲಿ ಯಾರಿದ್ದಳು? ಎಲ್ಲರಿಗೂ ಗೊತ್ತಿದ್ದದ್ದನ್ನು ಒಬ್ಬಳು ಬಾಯಿಬಿಟ್ಟು ಹೇಳಿದಳು, ಅವಳನ್ನು ಆಟೋ ಹತ್ತಿಸಿದೆವು.

ಶಾಂತಿಗೆ ದಿನ ಸಿಗಲಿಲ್ಲ. ಮಳೆಗಾಲ ಬಂತು, ಆಷಾಢ ಬಂತು, ಆಮೇಲೂ ಸಿಗಲಿಲ್ಲ. ಹುಡುಗಿಯನ್ನು ಯಾರೂ ಕರೆತರಲಿಲ್ಲ. ದಸರಾ ಕಳೆದ ಮೇಲೆ ಅಮ್ಮಾವ್ರ ತಮ್ಮನ ಮನೆಯವರು ಬಂದು ಹೋಗುವುದು ಹೆಚ್ಚಾಯಿತು. ಮುಂದಿನ ಭಾನುವಾರ ಎರಡೂ ಕಡೆಯ ಹಿರಿಯರು ಕೂತು ಸಂಬಂಧ ಹರಿದುಬಿಡುವುದು ಅಂತ ಮಾತಾಗಿತ್ತು. ಅದು ಮುಗಿದರೆ ತಮ್ಮನ ಮಗಳಿಗೆ ಹೂ ಮುಡಿಸುವ ಶಾಸ್ತ್ರ. "ಕಾರು ರೆಡಿ ಮಾಡಿಡಪ್ಪಾ," ಅಂದಿದ್ದರು ಅಮ್ಮಾವ್ರು. "ಈ ಸಲ ಬೆಡ್‌ಶೀಟು ತೆಗೀಬೇಡ."

ಆ ಶನಿವಾರ ಮಧ್ಯಾಹ್ನ ಶೆಡ್ಡಿನಲ್ಲಿ ಸೀಟು ಒರೆಸುತ್ತಿದ್ದೆ. ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಹುಡುಗಿಯ ಅಪ್ಪ. ಫ್ಯಾಕ್ಟರಿಯ ಖಾಕಿ ಬಟ್ಟೆಯಲ್ಲಿದ್ದ, ಶಿಫ್ಟು ಮುಗಿಸಿ ಹಾಗೇ ಬಂದಿರಬೇಕು. ಮನೆಯ ಕಡೆಗೆ ಹೋಗಿರಲಿಲ್ಲ. ಚಪ್ಪಲಿಯನ್ನು ಶೆಡ್ಡಿನ ಹೊರಗೇ ಬಿಟ್ಟಿದ್ದ, ನನ್ನ ಆ ಗ್ರೀಸು ಮೆತ್ತಿದ ಶೆಡ್ಡಿಗೆ.

"ಮೇಸ್ತ್ರಿಗಳೇ, ಎರಡ್ ನಿಮಿಷ," ಅಂದ. "ನಾಳೆ ಹಿರೀಕರು ಕೂತ್ಕೋತಾರೆ, ನಿಮ್ಗೂ ಗೊತ್ತಿರ್ಬೇಕು."

"ಗೊತ್ತು."

"ಆ ಸೀಟಿನ್ ಕಲೆ... ಹೋಯ್ತಾ?"

ನಾನು ಪಕ್ಕಕ್ಕೆ ಸರಿದು ತೋರಿಸಿದೆ. ಆವತ್ತು ತಲೆ ಹಾಕದೆ ಹೋದವನು ಈಗ ಬಗ್ಗಿ, ಎಡಗಡೆಯ ಸೀಟನ್ನು ಹತ್ತಿರದಿಂದ ನೋಡಿದ. ಮುಟ್ಟಲಿಲ್ಲ.

"ಏನೂ ಉಳಿದಿಲ್ಲ," ಅಂದ. "ನನ್ ಮಗಳು ಒಂದೇ ಮಾತು ಕೇಳ್ಕೊಂಡ್ ಬಾ ಅಂತ ಕಳ್ಸಿದಾಳೆ. ಜಗಳಕ್ಕೆ ಬಂದಿಲ್ಲ ನಾನು. ಅದನ್ನ ಯಾವುದ್ರಲ್ಲಿ ತೆಗೆದ್ರಿ ಅಂತ ಕೇಳು, ಅವರು ಹೇಳಿದ್ದನ್ನ ನಾಳೆ ಹಿರೀಕರ ಮುಂದೆ ಹೇಳು, ಅಷ್ಟು ಸಾಕು ಅಂದ್ಲು. ರಕ್ತ ಆಗಿದ್ರೆ ನಿಂಬೆಹಣ್ಣಿಗೆ ಹೋಗಲ್ವಂತೆ. ನಂಗೆ ಅದೆಲ್ಲ ತಿಳಿಯಲ್ಲ. ನೀವ್ ಹೇಳಿ, ಯಾವುದ್ರಲ್ಲಿ ತೆಗೆದ್ರಿ?"

ಗಂಡಸು ಅಷ್ಟು ಹೇಳುವಷ್ಟರಲ್ಲಿ ಬೆವೆತುಹೋಗಿದ್ದ. ನಾಳೆಯವರೆಗೂ ಹೊತ್ತಿತ್ತು. ಒಂದೇ ಪದ. ಹಿರಿಯರೆದುರು ನಾನು ಬರುವುದೂ ಬೇಕಿರಲಿಲ್ಲ. ಆ ಪದವನ್ನು ಅವನ ಕೈಗೆ ಕೊಟ್ಟಿದ್ದರೆ ಸಾಕಿತ್ತು, ಉಳಿದದ್ದನ್ನು ಆ ಹುಡುಗಿ ನೋಡಿಕೊಳ್ಳುತ್ತಿದ್ದಳು. ಬಾಯಿ ತೆರೆದೆ. ಹೊರಗೆ ಅಂಗಳದಲ್ಲಿ ಅಮ್ಮಾವ್ರ ಬಳೆಯ ಸದ್ದು ಕೇಳಿಸಿತು. ಅದರ ಮೇಲೆ ತಪ್ಪು ಹಾಕುವುದಿಲ್ಲ. ಕೇಳಿಸದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ.

"ಅದು ಕಸುಬಿನ ಗುಟ್ಟು ಸಾರ್," ಅಂದೆ. "ಹೇಳೋಕಾಗಲ್ಲ."

ಅವನು ಸ್ವಲ್ಪ ಹೊತ್ತು ಕಾದ. ತಮಾಷೆ ಮಾಡುತ್ತಿದ್ದೇನೆ, ಇನ್ನೇನು ಹೇಳುತ್ತೇನೆ ಅಂದುಕೊಂಡಿರಬೇಕು. ಆಮೇಲೆ ತಲೆಯಾಡಿಸಿದ. "ಹೌದೌದು. ನಿಮ್ ಹೊಟ್ಟೆಪಾಡು, ಕೇಳ್ಬಾರ್ದಿತ್ತು. ತೊಂದ್ರೆ ಕೊಟ್ಟೆ, ತಪ್ಪು ತಿಳ್ಕೋಬೇಡಿ" ಅಂತ ನನಗೆ ಕೈ ಮುಗಿದ. ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟಾಪಿನ ಕಡೆಗೆ ನಡೆದ. ನಾನು ಡಿಕ್ಕಿಯಿಂದ ಬೆಡ್‌ಶೀಟು ತೆಗೆದು, ಕೊಡವಿ, ಸೀಟಿಗೆ ಹಾಸಿದೆ.